ಕಾಯಿ ಚಟ್ನಿ

ಮಗ ಕುಡಿದು ಕುಡಿದು ತೀರಿಕೊಂಡು ವರ್ಷವಾದರೂ ಸೊಸೆಯ ಮೈನಡುಕ ನಿಂತಿರಲಿಲ್ಲ. ಬೆಳಿಗ್ಗೆ ತಿಂಡಿಯ ತಯಾರಿ ಶುರುವಾದರೆ ಸಾಕು, ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದಳು. ಅಂಥವನನ್ನು ಹೆತ್ತ ಪಾಪ ತನ್ನದೇ ಎಂದು ಕೊರಗುತ್ತಿದ್ದ ಸಾಕಮ್ಮ ಅವಳನ್ನು ಒಲೆಯ ಹತ್ತಿರಕ್ಕೂ ಬಿಡುತ್ತಿರಲಿಲ್ಲ. ಅವಳಿಗಿಷ್ಟವಾದ ಕಾಯಿ ಚಟ್ನಿಯನ್ನು ದಿನವೂ ತಾನೇ ರುಬ್ಬಿ ಬಡಿಸುತ್ತಿದ್ದಳು. ಸೊಸೆ ಅದನ್ನು ಬೆರಳಲ್ಲೂ ಮುಟ್ಟುತ್ತಿರಲಿಲ್ಲ. ಕೊನೆಗೆ ಸಾಕಮ್ಮನೇ ಅವಳನ್ನು ಮನೋವೈದ್ಯರ ಹತ್ತಿರ ಕರೆದುಕೊಂಡು ಬಂದಳು.

"ಗಂಡ ಕನಸಲ್ಲಿ ಬರ್ತಾರೇನಮ್ಮಾ?" ಡಾಕ್ಟರು ಕೇಳಿದರು.

"ಇಲ್ಲ ಡಾಕ್ಟ್ರೇ. ಸತ್ತೋರು ಬಂದು ಏನ್ ಮಾಡ್ತಾರೆ?"

"ಮತ್ತೆ ಯಾವಾಗ ಭಯ ಆಗತ್ತೆ?"

ಸೊಸೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತಳು. ಸಾಕಮ್ಮ ಅವಳ ಬೆನ್ನು ಸವರಿದಳು.

"ಹೇಳೇ ತಾಯಿ. ನಾನಿಲ್ವಾ ನಿನ್ ಜೊತೆ?"

"ಮಿಕ್ಸಿ ಸದ್ದು ಕೇಳಿದ್ರೆ," ಎಂದಳು ಸೊಸೆ.

"ಮಿಕ್ಸೀನಾ?" ಡಾಕ್ಟರು ಪೆನ್ನು ಕೆಳಗಿಟ್ಟರು.

ಸಾಕಮ್ಮನ ಕೈ ಬೆನ್ನ ಮೇಲೇ ನಿಂತುಹೋಯಿತು.

"ಅವ್ರು ಹೊಡೆಯೋವಾಗ ನಾನು ಕಿರುಚೋದು ಪಕ್ಕದ ಮನೆಯವ್ರಿಗೆ ಕೇಳಬಾರ್ದು ಅಂತ, ಅತ್ತೆ ಖಾಲಿ ಮಿಕ್ಸಿ ಹಾಕ್ತಿದ್ರು."