ಅರ್ಧ ಗುಡಾರ

ಅಪ್ಪ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡದ್ದೇ ತಡ, ಮಗಳು ಅವರ ಬೆನ್ನುಚೀಲವನ್ನು ನಡುಮನೆಗೆ ಎಳೆದು ತಂದು ಚಾಪೆಯ ಮೇಲೆ ಸುರಿದಳು. ಇನ್ನೊಬ್ಬರ ಚೀಲ ತಡಕುವುದು ತಪ್ಪೆಂದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಬೆಟ್ಟಕ್ಕೆ ಒಬ್ಬನೇ ಹೋಗಿ ಎರಡು ರಾತ್ರಿ ಇದ್ದು ಬರುತ್ತೇನೆಂದು ಅಪ್ಪ ಹೇಳಿದಾಗಿನಿಂದ ಅವಳು ಆ ಚೀಲದ ಮೇಲೆ ಕಣ್ಣಿಟ್ಟಿದ್ದಳು. ಅಮ್ಮ ತೀರಿಹೋಗಿ ವರ್ಷವಾಗುತ್ತ ಬಂದಿತ್ತು. ಅಂದಿನಿಂದ ಅಪ್ಪ ಕೇಳಿದ್ದಕ್ಕೆ ಹೂಂ, ಉಹೂಂ ಎಂದದ್ದು ಬಿಟ್ಟರೆ ಬೇರೆ ಮಾತಾಡಿದ್ದಿಲ್ಲ. ಹೋದ ವಾರವಂತೂ ಇಷ್ಟು ವರ್ಷ ಅನ್ನ ಕೊಟ್ಟ ಉಳಿ, ಗರಗಸ, ಸುತ್ತಿಗೆಗಳನ್ನೆಲ್ಲ ಇನ್ನೊಬ್ಬ ಬಡಗಿಗೆ ಕೊಟ್ಟು, ಕೈ ಕೊಡವಿಕೊಂಡು ಬಂದಿದ್ದರು.

ಚಾಪೆಯ ಮೇಲೆ ಬಿದ್ದದ್ದನ್ನು ನೋಡಿ ಅವಳ ಜೀವ ಬಾಯಿಗೆ ಬಂತು. ಗುಡಾರದ ಕೋಲುಗಳಿದ್ದವು, ಮೇಲೆ ಹೊದಿಸುವ ಬಟ್ಟೆ ಇರಲಿಲ್ಲ. ಅಂಗೈಯಗಲದ ಒಲೆ ಇತ್ತು. ಗ್ಯಾಸಿನ ಡಬ್ಬಿಯೂ ಇಲ್ಲ, ಬೆಂಕಿಪೊಟ್ಟಣವೂ ಇಲ್ಲ. ಪಾತ್ರೆಯುಂಟು, ಬೇಯಿಸಿ ತಿನ್ನಲು ಒಂದು ಹಿಡಿ ಕಾಳಿಲ್ಲ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು ಅವಳು, ಅಪ್ಪನ ಬಿ.ಪಿ. ಮಾತ್ರೆಗಾಗಿ ಚೀಲದ ಜೇಬುಗಳನ್ನೆಲ್ಲ ಹುಡುಕಿದಳು. ಸಿಕ್ಕಿದ್ದು ಒಂದು ಬಾಚಣಿಗೆ. ಹೊರುವ ಭಾರ ಅಷ್ಟಾದರೂ ತಗ್ಗಲೆಂದು ಅಪ್ಪ ಅದನ್ನು ಎಂದೋ ಗರಗಸದಲ್ಲಿ ಅರ್ಧಕ್ಕೆ ಕೊಯ್ದಿದ್ದರು. ಅವರ ತಲೆಯಲ್ಲಿ ಉಳಿದಿದ್ದ ಕೂದಲಿಗೆ ಅಷ್ಟೇ ಧಾರಾಳವಾಯಿತು. ಬೇರೆ ದಿನವಾಗಿದ್ದರೆ ನಗುತ್ತಿದ್ದಳೇನೋ, ಆದರೆ ಅವಳ ಕಣ್ಣು ಆಗಲೇ ಚೀಲದ ತಳದಿಂದ ಉರುಳಿಬಿದ್ದ ಹಗ್ಗದ ಸುರುಳಿಯ ಮೇಲೆ ನೆಟ್ಟಿತ್ತು.

ತಲೆ ಒರೆಸಿಕೊಳ್ಳುತ್ತ ಬಂದ ಅಪ್ಪ ಬಾಗಿಲಲ್ಲೇ ನಿಂತರು. ಎಲ್ಲ ಯಾಕೆ ಹೊರಗೆ ತೆಗೆದೆ ಎಂದು ಕೇಳಿದರು.

"ಅಪ್ಪ, ನಿಜ ಹೇಳಿ. ವಾಪಸ್ ಬರ್ತೀರ ತಾನೇ?"

"ಭಾನುವಾರ ಸಂಜೆ ಬರ್ತೀನಿ ಅಂದೆನಲ್ಲ."

"ಹೊಟ್ಟೆಗೇನು? ಬೆಂಕಿ ಎಲ್ಲಿ? ಆ ಚಳೀಲಿ ಬರೀ ಕೋಲು ನೆಟ್ಕೊಂಡು ಮಲಗ್ತೀರಾ? ಹಗ್ಗ ಮಾತ್ರ ಮರೀದೆ ಇಟ್ಕೊಂಡಿದ್ದೀರಿ."

ಮಗಳು ಏನನ್ನು ಕೇಳುತ್ತಿದ್ದಾಳೆಂದು ಅಪ್ಪನಿಗೆ ಕೂಡಲೆ ಹೊಳೆಯಲಿಲ್ಲ. ಇಷ್ಟೂ ಗೊತ್ತಿಲ್ಲವೇ ಎನ್ನುವ ದನಿಯಲ್ಲಿ ಶುರು ಮಾಡಿದರು. "ಅದೆಲ್ಲ ನಿಮ್ಮಮ್ಮನ ಚೀಲದಲ್ಲಿ..."

ಮಾತು ಅಲ್ಲೇ ನಿಂತಿತು. ಚಾಪೆಯ ಮೇಲಿದ್ದ ಒಂದೊಂದು ಸಾಮಾನನ್ನೂ ಅವರು ಮೊದಲ ಸಲ ಕಂಡವರಂತೆ ನೋಡಿದರು. ಆಮೇಲೆ ಗೋಡೆ ಹಿಡಿದು ಮೆಲ್ಲಗೆ ಕುಳಿತರು.

ಬೆಟ್ಟ ಹತ್ತುವುದೆಂದರೆ ಮಗಳಿಗೆ ಅಷ್ಟಕ್ಕಷ್ಟೆ, ಎಂದೂ ಅಪ್ಪ ಅಮ್ಮನ ಜೊತೆ ಹೋದವಳಲ್ಲ. ಅಪ್ಪ ಹೇಳಿದ ಮೇಲೆಯೇ ಅವಳಿಗೆ ಈ ಕಥೆ ತಿಳಿದದ್ದು. ಮದುವೆಯಾದ ಹೊಸದರಲ್ಲಿ ಒಮ್ಮೆ, ದಾರಿ ಯಾವ ಕಡೆಗೆಂಬ ಮಾತಿಗೆ ಇಬ್ಬರಿಗೂ ಜಟಾಪಟಿಯಾಗಿ, ಅಮ್ಮ ಗುಡಾರ ಇದ್ದ ಚೀಲ ಹೊತ್ತು ದಾಪುಗಾಲು ಹಾಕಿದ್ದಳಂತೆ. ಅಪ್ಪ ಬಂಡೆಯ ಮರೆಯಲ್ಲಿ ಹಲ್ಲು ಕಟಕಟ ಎನ್ನುತ್ತ ಬೆಳಗು ಮಾಡಿದರಂತೆ. ಮಾರನೆಯ ದಿನ ಅವರ ಮುಖ ನೋಡಿ ಅತ್ತ ಅಮ್ಮ, ಅಲ್ಲೇ ಕುಳಿತು ಸಾಮಾನನ್ನೆಲ್ಲ ಪಾಲು ಮಾಡಿದ್ದಳು.

"ಕೋಲು ನಿಮ್ಮ ಹತ್ರ, ಬಟ್ಟೆ ನನ್ನ ಹತ್ರ. ಒಲೆ ನಿಮ್ದು, ಬೆಂಕಿ ನಂದು. ಯಾರು ಮುನಿಸ್ಕೊಂಡು ಎಲ್ಲಿಗೇ ಹೋದ್ರೂ ಕತ್ತಲಾಗೋದ್ರೊಳಗೆ ಇನ್ನೊಬ್ರ ಹತ್ರ ಬರ್ಲೇಬೇಕು. ಹಾಗಂದ್ಲು ನಿಮ್ಮಮ್ಮ," ಎಂದರು ಅಪ್ಪ. ಗುಡಾರ ಬಿಗಿಯುವ ಹಗ್ಗ ಅವರ ಪಾಲು, ಮಾತ್ರೆ ಅಮ್ಮನ ಪಾಲು. ನಿನ್ನೆ ಚೀಲ ತುಂಬುವಾಗಲೂ ತಮ್ಮ ಪಾಲಿನದಷ್ಟನ್ನೇ ತುಂಬಿ ಜಿಪ್ಪು ಎಳೆದಿದ್ದರು. "ಅವಳಿಲ್ಲ ಅಂತ ತಲೆಗೆ ಗೊತ್ತು ಕಣಮ್ಮ. ಕೈಗೆ ಇನ್ನೂ ಗೊತ್ತಾಗಿಲ್ಲ."

ಹಾಗಾದರೆ ಉಳಿ, ಗರಗಸ ಎಲ್ಲ ಯಾಕೆ ಕೊಟ್ಟಿರಿ ಎಂದು ಅವಳು ಬಿಡದೆ ಕೇಳಿದಳು. ಅಪ್ಪ ಬಲಗೈ ಮುಂದೆ ಚಾಚಿದರು. ಬೆರಳುಗಳು ತಮ್ಮಷ್ಟಕ್ಕೆ ತಾವೇ ನಡುಗುತ್ತಿದ್ದವು. ಒಂದೇ ಮನೆಯಲ್ಲಿದ್ದೂ ಅವಳು ಅದನ್ನು ಗಮನಿಸಿರಲಿಲ್ಲ. ಮಗಳ ಮನಸ್ಸಿನಲ್ಲಿದ್ದದ್ದು ಅಪ್ಪನಿಗೆ ಈಗ ಅರ್ಥವಾಯಿತು. ಆ ಅರ್ಧ ಬಾಚಣಿಗೆಯನ್ನು ಎತ್ತಿ ಹಿಡಿದರು.

"ಸಾಯೋಕೆ ಹೋಗೋನು ಬಾಚಣಿಗೆ ಯಾಕಮ್ಮ ಇಟ್ಕೋತಾನೆ?"

ಅವಳಿಗೆ ನಗು ಬರಬೇಕಿತ್ತು, ಅಳು ಬಂತು. ವರ್ಷವಿಡೀ ಅಪ್ಪನ ಎದುರು ಕಣ್ಣಲ್ಲಿ ನೀರು ಹಾಕದೆ ಗಟ್ಟಿಗಿತ್ತಿಯಂತೆ ಓಡಾಡಿದ್ದವಳು ಬಿಕ್ಕಿ ಬಿಕ್ಕಿ ಅತ್ತಳು. ನಾನೂ ಬರುತ್ತೇನೆ ಎಂದಳು.

ಅಪ್ಪ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಸ್ಟೂಲು ಎಳೆದುಕೊಂಡು ಹತ್ತಿ, ಬೀರುವಿನ ಮೇಲಿದ್ದ ಅಮ್ಮನ ಚೀಲವನ್ನು ಇಳಿಸಿದರು. ಬೆಟ್ಟಕ್ಕೆಂದು ಅಮ್ಮ ತುಂಬಿಟ್ಟ ಚೀಲ ಅದು. ಹೊರಡುವ ಮುಂಚೆಯೇ ಜ್ವರ ಬಂದು, ಆಸ್ಪತ್ರೆಗೆ ಹೋದವಳು ತಿರುಗಿ ಬರಲಿಲ್ಲ. ಧೂಳು ಹೊಡೆಯಲಿಕ್ಕೂ ಅಪ್ಪ ಅದನ್ನು ಯಾರಿಗೂ ಮುಟ್ಟಗೊಟ್ಟಿರಲಿಲ್ಲ. ಈಗ ತಾವೇ ಬಾಯಿ ಬಿಚ್ಚಿದರು. ಗುಡಾರದ ಬಟ್ಟೆ ಮಡಿಸಿದ ಹಾಗೇ ಇತ್ತು.

"ಕಾಳಿಗೆ ಹುಳ ಬಿದ್ದಿರುತ್ತೆ. ಚೆಲ್ಲಿ, ಬೇರೆ ತುಂಬ್ಕೋ," ಎಂದರು.

ಅವಳು ಅಂಗಡಿಗೆ ಫೋನು ಮಾಡಿ ರಜೆ ಹೇಳಿ, ಕಾಳನ್ನೂ ಮಾತ್ರೆಯನ್ನೂ ಬದಲಾಯಿಸಿ ಚೀಲ ಹೆಗಲಿಗೇರಿಸಿದಳು. ಅಮ್ಮ ಕುಳ್ಳಿ, ಚೀಲ ಮಗಳ ಕತ್ತಿಗೆ ಬಂದು ಕೂತಿತು. ಅಪ್ಪ ಹೆಗಲಪಟ್ಟಿಯ ಬಕಲಿಗೆ ಕೈ ಹಾಕಿದರು. ಎಷ್ಟೋ ವರ್ಷ ಜರುಗದ ಬಕಲು, ನಡುಗುವ ಬೆರಳು. ಸಹಾಯಕ್ಕೆಂದು ಅವಳು ಕೈ ಎತ್ತಿದಳು.

"ಇರು, ನಾನೇ ಮಾಡ್ತೀನಿ."

ಕೊನೆಗೊಮ್ಮೆ ಬಕಲು ಸರಿಯಿತು. ಬಿಸಿಲು, ಬೆವರಿಗೆ ಬಣ್ಣಗೆಟ್ಟು ಬೂದುಬಣ್ಣಕ್ಕೆ ತಿರುಗಿದ್ದ ಪಟ್ಟಿಯಲ್ಲಿ, ಇಷ್ಟು ವರ್ಷ ಬಕಲಿನ ಅಡಿಗೆ ಸಿಕ್ಕಿಕೊಂಡಿದ್ದ ಬೆರಳಗಲದ ಜಾಗ ಹೊರಬಂತು. ಅಷ್ಟು ಮಾತ್ರ ಅಮ್ಮ ಕೊಂಡು ತಂದ ದಿನದಷ್ಟೇ ಕೆಂಪಾಗಿತ್ತು.