ಗ್ರೀಸ್ ಒರೆಸಿದ ಪಿನ್ನು

“ಪರೀಕ್ಷೆ ಇನ್ಯಾಕೆ? ತಪ್ಪು ನಂದೇ ಅಂತ ಒಪ್ಕೊಂಡಾಯ್ತಲ್ಲ,” ಅಂದರು ಅಪ್ಪ, ಗ್ರೀಸ್ ಅಂಟಿದ ಬೆರಳುಗಳನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ.

ಮಗಳು ಲೇಸರ್ ಯಂತ್ರದ ಸ್ವಿಚ್ಚು ಹಾಕಿದಳು. ಕ್ರೇನಿನ ಕೊಕ್ಕೆಯ ಪಿನ್ನು ಮೇಜಿನ ಮೇಲಿತ್ತು. ನಿನ್ನೆ ಅದು ಬಾಗಿ, ಭಾರ ಕಳಚಿ ಬಿದ್ದು, ಕೆಳಗಿದ್ದವನೊಬ್ಬನ ಕಾಲು ಜಜ್ಜಿಹೋಗಿತ್ತು. ಪಿನ್ನು ಅಪ್ಪನ ಕುಲುಮೆಯದು. ಕಾಯಿಸಿ, ಎಣ್ಣೆಗೆ ಅದ್ದಿ ಗಟ್ಟಿ ಮಾಡುವುದು ಅವರ ಕೆಲಸ. ಗಟ್ಟಿಯಾಗಿದೆಯೇ ಎಂದು ನೋಡಿ ಹೊರಗೆ ಕಳಿಸುವುದು ಮಗಳದ್ದು. ಇಬ್ಬರಿಗೂ ನಿದ್ದೆಯಿರಲಿಲ್ಲ, ಅವಳಿಗೆ ಕೂತಲ್ಲೇ ಕಣ್ಣು ಎಳೆಯುತ್ತಿತ್ತು.

“ಲೇಸರ್ ಹೊಡೆದು ಮುಗಿಸಮ್ಮ,” ಅಂದರು ಕಾರ್ಖಾನೆಯ ಮ್ಯಾನೇಜರ್. ಅವರೂ ಸಾಕಾಗಿ ಹೋಗಿದ್ದರು. “ಗಟ್ಟಿ ಇದ್ರೆ ನಿಮ್ಮಪ್ಪ ಬಚಾವ್. ಮೆದು ಇದ್ರೆ ಇವತ್ತೇ ಮನೆಗೆ.”

“ಮೆದೂನೇ ಇರೋದು. ವಯಸ್ಸಾಯ್ತಲ್ಲ, ಕುಲುಮೆ ಮುಂದೆ ತೂಕಡಿಸಿಬಿಟ್ಟೆ,” ಅಂದರು ಅಪ್ಪ. ಮನೆಯಲ್ಲಿ ಟಿ.ವಿ. ಮುಂದೆಯೂ ತೂಕಡಿಸದ ಮನುಷ್ಯ.

ಅವಳಿಗೆ ಸಿಟ್ಟು ಬಂತು. ಇಡೀ ಕಾರ್ಖಾನೆ ಇವರ ಕೈಗುಣ ಹೊಗಳುತ್ತದೆ. ಇವರು ನೋಡಿದರೆ ಸುಮ್ಮನೆ ತಲೆ ಕೊಡುತ್ತಿದ್ದಾರೆ. ಬಟ್ಟೆ ತೆಗೆದುಕೊಂಡು ಪಿನ್ನನ್ನು ಒರೆಸತೊಡಗಿದಳು. ಗ್ರೀಸ್ ಈಗಷ್ಟೇ ಬಳಿದ ಹಾಗೆ ದಪ್ಪಗೆ ಮೆತ್ತಿಕೊಂಡಿತ್ತು.

“ಬಿಡು ಮಗಾ,” ಅಂದರು ಅಪ್ಪ.

ಲೇಸರ್ ಬಡಿದಲ್ಲಿ ಲೋಹದ ಕಣವೊಂದು ಕಿಡಿಯಾಗುತ್ತದೆ. ಆ ಕಿಡಿಯ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ, ಲೋಹ ಎಷ್ಟು ಗಟ್ಟಿ ಎಂದು ಯಂತ್ರ ಹೇಳುತ್ತದೆ. ಬಡಿದಲ್ಲೊಂದು ಸಾಸಿವೆಗಿಂತ ಚಿಕ್ಕ ಚುಕ್ಕೆ ಉಳಿಯುತ್ತದೆ; ಉಜ್ಜಿದರೂ ಹೋಗುವುದಿಲ್ಲ. ಹೊರಗೆ ಹೋಗುವ ಪ್ರತಿ ಪಿನ್ನಿನ ತಲೆಗೂ ಮೂರು ಹೊಡೆತ ಕಡ್ಡಾಯ. ಈಗ ಮತ್ತೆ ಮೂರು.

ಟಕ್. ಟಕ್. ಟಕ್.

ಪರದೆಯ ಮೇಲೆ ಅಂಕಿ ಮೂಡಿತು. ಮೆದು.

ಅಪ್ಪನ ಕುಲುಮೆಯಿಂದ ಮೆದು ಪಿನ್ನು ಬರಬಹುದು ಎಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ವಿಚಿತ್ರವೆಂದರೆ ಅಪ್ಪನ ಮುಖದಲ್ಲಿ ನೆಮ್ಮದಿ ಇತ್ತು.

“ಹೇಳಿದ್ನಲ್ಲ. ಮುಗೀತು, ನಡಿ,” ಎಂದು ಅವಸರವಾಗಿ ಪಿನ್ನಿಗೆ ಕೈ ಚಾಚಿದರು. ಅಷ್ಟರಲ್ಲಿ ಮ್ಯಾನೇಜರ್ ಅದನ್ನು ಎತ್ತಿಕೊಂಡಿದ್ದರು. ಕಿಟಕಿಯ ಬೆಳಕಿಗೆ ಹಿಡಿದು ಅದರ ತಲೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

“ಈಗ ಹೊಡೆದ ಮೂರು ಚುಕ್ಕೆ ಇಲ್ಲಿವೆ. ಅವತ್ತು ಹೊರಗೆ ಕಳಿಸೋ ಮುಂಚೆ ಹೊಡೆದ ಮೂರು ಎಲ್ಲಮ್ಮಾ?”

ಅವಳು ಅಪ್ಪನ ಬೆರಳುಗಳ ಗ್ರೀಸನ್ನು ನೋಡಿದಳು.

ಅಪ್ಪನ ಕುಲುಮೆಯಿಂದ ಬಂದ ಪಿನ್ನಿಗೆ ಅವಳು ಯಾವತ್ತೂ ಲೇಸರ್ ಹೊಡೆದವಳೇ ಅಲ್ಲ.