ಒಂದೇ ಪರವಾನಗಿ

ಆ ವರ್ಷ ಕಾಡುಹಂದಿ ಹೊಡೆಯಲು ಊರಿಗೆ ಒಂದೇ ಪರವಾನಗಿ, ಅದೂ ಹೆಚ್ಚು ಬೆಳೆ ಕಳೆದುಕೊಂಡವರಿಗೆ ಎಂದು ಅರಣ್ಯ ಇಲಾಖೆಯವರು ಹೇಳಿದ್ದರು. ಹಂದಿ ನುಗ್ಗಿದ್ದು ಫಕೀರವ್ವನ ಹೊಲಕ್ಕೆ. ಬೇಟೆಯ ಹುಚ್ಚಿದ್ದದ್ದು ಪಕ್ಕದ ಹೊಲದ ವೀರನಗೌಡನಿಗೆ. ಸಾಹೇಬರು ನೋಡಲು ಬರುವ ದಿನ ನಸುಕಿನಲ್ಲೇ ಎದ್ದು, ಅವನು ತನ್ನ ಗೋವಿನಜೋಳವನ್ನು ತಾನೇ ಮುರಿದು ಚೆಲ್ಲಿ, ಹಂದಿ ಕೆದಕಿದಂತೆ ಗುದ್ದಲಿಯಿಂದ ನೆಲ ಅಗೆದಿಟ್ಟಿದ್ದ.

ಸಾಹೇಬರು ಬದುವಿನ ಮೇಲೆ ನಿಂತು ಅದನ್ನೆಲ್ಲ ನೋಡುತ್ತಿದ್ದಾಗ ಫಕೀರವ್ವ ದಾಪುಗಾಲು ಹಾಕುತ್ತ ಬಂದಳು.

"ಸಾಹೇಬ್ರ, ಒಂದು ಮಾತು ಹೇಳೂದೈತ್ರಿ. ಮುಂಜಾನೆ ನಾ ಈ ದಾರೀಲೇ ಹೊಂಟಿದ್ದೆ. ಎಲ್ಲಾ ನೋಡೀನಿ."

ವೀರನಗೌಡ, ನಾಲ್ಕು ಮಂದಿಯ ಮುಂದೆ ಇನ್ನು ತನ್ನ ಮಾನ ಹೋದ ಹಾಗೇ ಎಂದುಕೊಂಡು ತಲೆ ತಗ್ಗಿಸಿದ.

"ಏನು ನೋಡಿದಿ, ಹೇಳವ್ವ," ಎಂದರು ಸಾಹೇಬರು.

"ನನ್ನ ಹೊಲದಾಗ ಅರ್ಧಾನರ ಉಳದೈತ್ರಿ. ಪಾಪ, ಗೌಡ್ರದು ಪೂರಾ ಹೋಗೇತಿ. ಪರವಾನಗಿ ಅವರಿಗೇ ಕೊಡ್ರಿ."

ಆಮೇಲೆ ಅವಳು ಸೆರಗಿನ ಗಂಟು ಬಿಚ್ಚಿದಳು. "ಮನ್ಯಾಗ ಹುಡುಗ್ರಿಗೆ ಸುಟ್ಟು ಕೊಡ್ರಿ ಗೌಡ್ರ," ಎಂದು, ಹಂದಿಯ ಬಾಯಿಂದ ಉಳಿದಿದ್ದ ನಾಲ್ಕು ತೆನೆಗಳನ್ನು, ಗುದ್ದಲಿ ಹಿಡಿದು ಬೊಬ್ಬೆ ಎದ್ದಿದ್ದ ಅವನ ಅಂಗೈಯಲ್ಲಿ ಇಟ್ಟಳು.